ಕೌದಿಯ ಹಿಂದಿನ ಜೇನು

ಪುಸ್ತಕ ಹಿಡಿದು ಬಂದವರನ್ನು ಅನ್ನವ್ವ ಎಂದೂ ನಂಬಿದವಳಲ್ಲ. ಹಿಂದೊಮ್ಮೆ ಒಬ್ಬ ಬಂದು ಅಂಗಳ ಅಳೆದು ಬರೆದುಕೊಂಡು ಹೋದ. ಮರುವರ್ಷ ಅರ್ಧ ಅಂಗಳ ರಸ್ತೆಯ ಪಾಲಾಯಿತು. ಹಾಗಾಗಿ ಜೇನು ಎಣಿಸುವ ಹುಡುಗಿಯೊಬ್ಬಳು ಗಡಹಿಂಗ್ಲಜದಿಂದ ಬಂದಿದ್ದಾಳೆಂದು ಕೇಳಿದ್ದೇ ತಡ, ಹಿತ್ತಲ ಮಣ್ಣುಗೋಡೆಯ ತೂತಿಗೆ ಅಡ್ಡಲಾಗಿ ಹಳೆಯ ಕೌದಿಯೊಂದನ್ನು ಒಣಹಾಕಿದಳು. ಆ ತೂತಿನಲ್ಲಿ ಅತ್ತೆಯ ಕಾಲದಿಂದ ತುಡುವೆ ಜೇನು ವಾಸವಾಗಿತ್ತು.

"ನಿಮ್ಮ ಮನ್ಯಾಗ ಜೇನು ಅದಾವೇನ್ರಿ ಆಯಿ?" ಎಂದಳು ಆ ಹುಡುಗಿ ಮನೀಷಾ.

"ಎಲ್ಲೀವು ತಂಗಿ? ಇಲ್ಲ."

"ಬಾಜೂ ಮನಿ ಸಾವಿತ್ರವ್ವಾರೂ ಇಲ್ಲ ಅಂದ್ರು. ಹನ್ನೊಂದು ಊರು ತಿರುಗೇನ್ರಿ, ಎಲ್ಲಾ ಕಡೆ ಇದ ಮಾತು. ಈ ಹುಳದ ವಂಶನ ಅಳಿಯಾಕತ್ತೈತಿ ಅಂತ ಬರೀಬೇಕಾಗತೈತಿ."

ಅನ್ನವ್ವ ಒಳಗೊಳಗೇ ನಕ್ಕಳು. ಸಾವಿತ್ರವ್ವನ ಗೋಡೆಯ ಜೇನು ಊರಿಗೆಲ್ಲ ಗೊತ್ತು. ಅವಳೂ ಮುಚ್ಚಿಟ್ಟಿದ್ದಾಳೆ, ಕಳ್ಳಿ. ಅವಳು ತನ್ನ ಕೋಳಿ ಕದ್ದಳೆಂಬ ಗುಮಾನಿಯಿಂದ ಮೂರು ವರ್ಷ ಅತ್ತ ಕಣ್ಣೆತ್ತಿಯೂ ನೋಡದಿದ್ದವಳು, ಹುಡುಗಿ ಹೊರಟಿದ್ದೇ ಪಕ್ಕದ ಹಿತ್ತಲಿಗೆ ಇಣುಕಿದಳು.

ಅಲ್ಲಿ ತೂತಿನ ಬಾಯಿಗೆ ಜೇಡ ಬಲೆ ಕಟ್ಟಿತ್ತು.

"ಎರಡ ವರ್ಷ ಆತು," ಎಂದಳು ಸಾವಿತ್ರವ್ವ, ಪಾತ್ರೆ ತಿಕ್ಕುತ್ತ, ತಲೆ ಎತ್ತದೆ. "ಆ ಹೊಲದಾಗಿನ ಕಬ್ಬಿಗೆ ಹುಳಾ ಸಾಯೋ ಎಣ್ಣಿ ಹೊಡದಾಗಿಂದ ಒಂದೂ ಬಂದಿಲ್ಲ."

ಅನ್ನವ್ವ ಮರಳಿ ಬಂದು ಕೌದಿ ಎಳೆದಳು. ಹುಳಗಳು ಗುಂಯ್‌ಗುಡುತ್ತ ಹೊರಬಿದ್ದವು. ಬೀದಿಬಾಗಿಲಿಗೆ ಓಡಿದಳು. ಮನೀಷಾ ಇನ್ನೂ ಓಣಿ ದಾಟಿರಲಿಲ್ಲ. ಕೂಗಲು ಬಾಯಿ ತೆರೆದಳು.

ಎದುರಿಗೆ ರಸ್ತೆಗೆ ಹೋಗಿ ಉಳಿದಿದ್ದ ಅರ್ಧ ಅಂಗಳ ಕಂಡಿತು. ಬಾಯಿ ಮುಚ್ಚಿದಳು.