ಅಳೆಯದೇ ಬರೆದ ಎತ್ತರ

ರತ್ನಕ್ಕ, ನಿಮ್ಮ ಕಾವ್ಯಳಿಗೆ ಎರಡು ವರ್ಷ ತುಂಬುವವರೆಗೆ ನಾನು ಅವಳ ಎತ್ತರವನ್ನು ಒಂದು ಸಲವೂ ಅಳೆಯಲಿಲ್ಲ. ತಿಂಗಳು ತಿಂಗಳು ಬರೆದದ್ದೆಲ್ಲ ಸುಳ್ಳು. ಅಂಗನವಾಡಿ ಟೀಚರ್ ಎಂದು ನೀವು ನಂಬಿದ ನಾನೇ ಬರೆದ ಸುಳ್ಳು.

ಅವಳಿನ್ನೂ ಆರು ತಿಂಗಳ ಕೂಸು. ಅಳತೆ ಹಲಗೆಯ ಮೇಲೆ ಮಲಗಿಸಹೋದಾಗ ನೀವು ಕಿತ್ತುಕೊಂಡಿರಿ. "ಮಲಗ್ಸಿ ಅಳೆಯಾದು ಹೆಣಾನ ಟೀಚರ್. ನನ್ ಕೂಸಿಗೆ ಬ್ಯಾಡ." ನಾನೂ ಧರ್ಮಪುರದ ಕಡೆಯವಳೇ, ಗುಂಡಿ ತೋಡುವ ಮುಂಚೆ ಹೆಣಕ್ಕೆ ಕೋಲು ಹಿಡಿದು ಅಳೆಯುವುದನ್ನು ಕಂಡವಳು. ಅದಕ್ಕೇ ಬಿಟ್ಟೆ — ಇಲ್ಲ, ಅದಕ್ಕಲ್ಲ. ಮೀಟಿಂಗಿಗೆ ಹಿರಿಯೂರು ಬಸ್ಸು ಹಿಡಿಯಬೇಕಿತ್ತು, ಅಷ್ಟೆ. ಜೊತೆಗೆ ಕೂತು ತಿಳಿಸಿ ಹೇಳಿದ್ದರೆ ನೀವು ಒಪ್ಪುತ್ತಿದ್ದಿರಿ. ಹೇಳಲಿಲ್ಲ. ಪಕ್ಕದ ಮನೆಯ ಅದೇ ವಯಸ್ಸಿನ ಮಗುವಿನ ಎತ್ತರವನ್ನೇ ಕಾವ್ಯಳ ಹೆಸರಿನ ಮುಂದೆ ಬರೆದೆ. ಆಮೇಲೆ ಪ್ರತಿ ತಿಂಗಳೂ ಅದಕ್ಕೇ ಸೇರಿಸುತ್ತ ಹೋದೆ. ಅವಳನ್ನು ನಿಲ್ಲಿಸಿ ಅಳೆಯುವ ವಯಸ್ಸು ಬಂದಾಗ ಬರೆದದ್ದಕ್ಕೂ ನಿಜಕ್ಕೂ ಇದ್ದ ಅಂತರ ಕಣ್ಣಿಗೆ ಹೊಡೆಯಿತು — ಆಗಲೂ ತಿದ್ದಲಿಲ್ಲ.

ಕಾಗದದ ಮೇಲೆ ಅವಳು ಚೆನ್ನಾಗಿ ಬೆಳೆದಳು. ಹಾಗಾಗಿ ಹೆಚ್ಚುವರಿ ಹಾಲು, ಮೊಟ್ಟೆ ಸಿಗಲಿಲ್ಲ, ಡಾಕ್ಟರು ನೋಡಲಿಲ್ಲ. ಕುಳ್ಳ ಮಕ್ಕಳೇ ಇಲ್ಲದ ಕೇಂದ್ರವೆಂದು ಮೀಟಿಂಗಿನಲ್ಲಿ ನನಗೆ ಚಪ್ಪಾಳೆ ತಟ್ಟಿದರು. ನಾನು ನಕ್ಕೆ. ನಾಚಿಕೆಯಾಗಬೇಕು ನನಗೆ.

ಈಗ ಕಾವ್ಯ ಎರಡನೇ ಕ್ಲಾಸು. ಒಂದನೇ ಕ್ಲಾಸಿನ ಮಕ್ಕಳಿಗಿಂತ ಗಿಡ್ಡ. ಮೊನ್ನೆ ನೀವು, "ನಮ್ಮತ್ತೆ ಕುಳ್ಳಿ ಟೀಚರ್, ಇದೂ ಹಂಗೇ ಆಗೈತೆ," ಅಂದಿರಿ. ನಾನು ಹೌದೆಂದು ತಲೆಯಾಡಿಸಿದೆ — ಅದು ಹಳೆಯದಕ್ಕಿಂತ ದೊಡ್ಡ ತಪ್ಪು.

ಈ ತಿಂಗಳು ಎಲ್ಲ ಮಕ್ಕಳನ್ನೂ ಅಳೆದೆ. ಒಪ್ಪದ ತಾಯಂದಿರ ಮನೆಗೆ ಮೂರು ಮೂರು ಸಲ ಹೋದೆ. ಹಲಗೆಗೆ ಅವರದೇ ಸೀರೆ ಹಾಸಿ, ಅವರ ಕೈಯಿಂದಲೇ ಮಲಗಿಸಿದೆ. ಕುಳ್ಳ ಮಕ್ಕಳ ಪಟ್ಟಿ ಉದ್ದವಾಯಿತು. ಮೇಲಿನವರು ಫೋನು ಮಾಡಿದರು.

"ಏನಮ್ಮ, ನಿಮ್ ಕೇಂದ್ರದ್ದೇ ಜಾಸ್ತಿ ಐತೆ. ಸ್ವಲ್ಪ ಸರಿ ಮಾಡ್ರಿ."

"ಅಳೆದು ಬರ್ದೀನಿ ಮೇಡಂ. ಬೇಕಾದ್ರೆ ನೀವೇ ಬಂದು ಅಳೀರಿ."

ನೋಟಿಸು ಕೊಡುತ್ತಾರಂತೆ. ಕೊಡಲಿ. ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಅಧಿಕಾರಿಗಳ ಮುಂದೆಲ್ಲ ನಿಲ್ಲಿಸಿ ಕೇಳಲಿ, ಒಂದು ಅಂಕಿಯನ್ನೂ ತಿದ್ದುವವಳಲ್ಲ ನಾನು.

ಆದರೆ ಈ ಧೈರ್ಯ ಈಗಿನ ಮಕ್ಕಳ ಪಾಲಿಗಾಯಿತು. ಕಾವ್ಯಳ ಆ ಎರಡು ವರ್ಷ ಮತ್ತೆ ಬರುವುದಿಲ್ಲ. ನಾಳೆ ನಿಮ್ಮ ಮನೆಗೆ ಬರುತ್ತೇನೆ, ರತ್ನಕ್ಕ. ಎಲ್ಲರೂ ಇರುವಾಗಲೇ ಬರುತ್ತೇನೆ. ಹೊರಗೆ ಹಾಕಿದರೆ ಅಂಗಳದಲ್ಲಿ ನಿಂತು ಹೇಳುತ್ತೇನೆ — ನಿಮ್ ಮಗಳು ಬೆಳೀದಂಗೆ ಆಗಿದ್ದು ನನ್ನಿಂದ.