ಚಿತ್ತಪ್ಪನ ಮೇಣದ ಡಬ್ಬಿ

ನ್ಯಾಮತಿಯಲ್ಲಿ ದೇವರನ್ನು ನಂಬದವರು ಸಿಗಬಹುದು, ಚಿತ್ತಪ್ಪನ ಹೊಲಿಗೆಯನ್ನು ನಂಬದವರು ಸಿಗಲಾರರು. ಹಾಗೆಂದು ಸ್ವತಃ ಚಿತ್ತಪ್ಪನೇ ಹೇಳುತ್ತಿದ್ದ. ಟ್ರ್ಯಾಕ್ಟರಿನ ಸೀಟಾಗಲಿ, ಲಾರಿಯ ತಾಡಪಾಲಾಗಲಿ, ಮೊದಲು ದಾರವನ್ನು ಜೇನುಮೇಣದ ಉಂಡೆಗೆ ಉಜ್ಜಿ ಎಳೆಯುತ್ತಿದ್ದ. ಕೈಸೂಜಿಯ ಕಾಲದಲ್ಲಿ ಗುರು ಹೇಳಿಕೊಟ್ಟದ್ದು. ಗುರು ಹೋದರು, ಕೈಸೂಜಿ ಹೋಯಿತು, ಕರೆಂಟಿನ ಮೆಷಿನ್ನು ಬಂತು. ಮೇಣದ ಡಬ್ಬಿ ಮಾತ್ರ ದೇವರ ಪಟದ ಪಕ್ಕದಲ್ಲಿ ಅರ್ಧ ದೇವರಾಗಿ ಉಳಿಯಿತು.

ಈ ಸಲದ ಕೆಲಸ ಬೇರೆ. ಹೆಂಡತಿ ಗಾದ್ರಮ್ಮನ ತಮ್ಮ ಜುಂಜಪ್ಪ ಬಸವಾಪಟ್ಟಣದ ಕಡೆ ಅಡಿಕೆ ಮರ ಹತ್ತಿ ಗೊನೆ ಇಳಿಸುವವನು. ಕಾಲು ಜಾರಿದರೆ ಹಿಡಿದುಕೊಳ್ಳುವಂಥ ಸೊಂಟದ ಪಟ್ಟಿ ಬೇಕೆಂದ. ಅಂಗಡಿಯದನ್ನು ನಂಬದೆ ಭಾವನನ್ನು ನಂಬಿದ, ಪಾಪ.

ದಾರಕ್ಕೆಂದು ಚಿತ್ತಪ್ಪ ಹೊನ್ನಾಳಿಗೆ ಹೋದ. ಅಂಗಡಿಯ ರವಿಕುಮಾರ್ ಒಂದು ರೀಲು ಮುಂದಿಟ್ಟ.

"ಲೇಪನ ಇರೋ ನೈಲಾನ್ ದಾರ ಕಣ್ರೀ. ಎಳೆ ಬಿಚ್ಚಿಕೊಳ್ಳಲ್ಲ. ಇದರ ಮೇಲೆ ಮತ್ತೇನೂ ಬಳಿಯಾಕೆ ಹೋಗಬ್ಯಾಡ್ರಿ."

ಮಗಳಿಗೆ ಗಂಡು ನೋಡುವವನಂತೆ ಚಿತ್ತಪ್ಪ ದಾರವನ್ನು ಎಳೆದ, ಮೂಸಿದ, ಕಚ್ಚಿದ. ದಾರ ತುಂಡಾಗಲಿಲ್ಲ, ಹಲ್ಲು ನೊಂದಿತು. ಒಪ್ಪಿಗೆಯಾಯಿತು.

ಮನೆಗೆ ಬಂದವನೇ ಡಬ್ಬಿ ತೆಗೆದ. ಲೇಪನದ ಮೇಲೆ ಮೇಣವೂ ಬಿದ್ದರೆ ಬಲ ಇಮ್ಮಡಿಯಾಗದೇ? ಮೆಷಿನ್ನು ಓಡಿತು, ಸೂಜಿ ಬಿಸಿಯಾಯಿತು, ಮೇಣ ಕರಗಿ ಸೂಜಿಯ ಕಣ್ಣಿಗೆ ಮೆತ್ತಿಕೊಂಡಿತು. ದಾರ ತಡವರಿಸಿತು. ಮೆಷಿನ್ನಿಗೆ ವಯಸ್ಸಾಯಿತೆಂದು ಚಿತ್ತಪ್ಪ ತೀರ್ಪು ಕೊಟ್ಟ.

ಗಾದ್ರಮ್ಮ ಪಟ್ಟಿಯನ್ನು ಮಗುಚಿ ನೋಡಿದಳು. "ಮೇಲೆ ಮದುವೆಮನೆ ಇದ್ದಂಗೈತೆ. ಕೆಳಗೆ ಹೊಲಿಗೆಯೆಲ್ಲ ಸಡಿಲ."

"ನಿಂಗೇನು ಗೊತ್ತೈತೆ ಹೊಲಿಗೆ ವಿಚಾರ?"

"ನಂಗೆ ನನ್ನ ತಮ್ಮ ಗೊತ್ತು. ಅವನಿಗಿಂತ ಮೊದ್ಲು ನೀವು ನೇತಾಡ್ರಿ."

ಕಲಾವಿದನಿಗೆ ಪರೀಕ್ಷೆಯೆಂದರೆ ಅವಮಾನ. ಆದರೂ ಪಟ್ಟಿ ಬಿಗಿದು, ಅದರ ಹಗ್ಗವನ್ನು ತೊಲೆಗೆ ಕಟ್ಟಿಸಿಕೊಂಡು ಸ್ಟೂಲಿನಿಂದ ಕಾಲೆತ್ತಿದ. ಹೊಲಿಗೆ ಪರ್ರೆಂದಿತು. ನ್ಯಾಮತಿಯ ನಂಬಿಕೆ ಹಳೇ ಸೀಟುಗಳ ಸ್ಪಂಜಿನ ರಾಶಿಯ ಮೇಲೆ ಅಂಗಾತ ಬಿತ್ತು.

"ಮೆಷಿನ್ನಿಗೆ ಪೆಟ್ಟಾಯ್ತೇನ್ರೀ?" ಎಂದಳು ಗಾದ್ರಮ್ಮ.

ಚಿತ್ತಪ್ಪ ಬಿದ್ದಲ್ಲಿಂದಲೇ ತೊಲೆಯನ್ನು ನೋಡುತ್ತಿದ್ದ. ಅದು ಕೈಚಾಚಿದರೆ ಸಿಗುವಷ್ಟೇ ಎತ್ತರ. ಅಡಿಕೆ ಮರದ ಕೆಳಗೆ ಸ್ಪಂಜು ಇರುವುದಿಲ್ಲ.

ಎದ್ದು, ಮೆಷಿನ್ನನ್ನು ಸೀಮೆಎಣ್ಣೆಯಿಂದ ಒರೆಸಿದ. ಹೊಸ ಸೂಜಿ ಹಾಕಿದ. ಕೈ ಅಭ್ಯಾಸಬಲದಿಂದ ಡಬ್ಬಿಯತ್ತ ಹೋಯಿತು. ಅರ್ಧದಲ್ಲೇ ತಡೆದು ಬರೀ ದಾರದಲ್ಲಿ ಹೊಲಿದ, ನಿಧಾನಕ್ಕೆ, ಗುರುವಿನ ಕ್ಷಮೆ ಕೇಳುವವನಂತೆ. ಯಾರೂ ಹೇಳದೆಯೇ ಮತ್ತೆ ತೊಲೆಗೆ ನೇತುಬಿದ್ದ. ಪಟ್ಟಿ ತಡೆಯಿತು.

"ಸಾಕು, ಇಳೀರಿ."

"ಇಲ್ಲ ಕಣೆ. ನಿನ್ನ ತಮ್ಮ ನನ್ನಂಗೆ ಕಡ್ಡಿಯಲ್ಲ. ನೀನೂ ಹಿಡ್ಕ."

ಗಾದ್ರಮ್ಮ ಅವನ ಸೊಂಟವನ್ನು ತಬ್ಬಿ ಕಾಲೆತ್ತಿದಳು. ತೊಲೆ ಕಿರುಗುಟ್ಟಿತು. ಹೊಲಿಗೆ ಸುಮ್ಮನಿತ್ತು.

ಅಷ್ಟರಲ್ಲಿ ಬಾಗಿಲಿಗೆ ಬಂದ ಜುಂಜಪ್ಪ ಹೊಸ್ತಿಲಲ್ಲೇ ನಿಂತ. "ಇದೇನ್ ಭಾವ, ಹಾಡಹಗಲೇ ಅಕ್ಕನ್ನ ತೂಗ್ತಾ ಇದ್ದೀರಿ?"

"ಬ್ಯಾಡ, ಮಾತಾಡಿಸಬ್ಯಾಡ," ಎಂದ ಚಿತ್ತಪ್ಪ, ಮೇಲಿನಿಂದಲೇ. "ನಿನ್ನ ಪಟ್ಟಿ ಇನ್ನೊಂದು ಸ್ವಲ್ಪ ಹೊತ್ತು ತಡೀಲಿ."