ವಿಮಾನಕ್ಕೆ ಕಾಯುವ ಮೇಲ್ಮನವಿ ಕೋರ್ಟು

ನಾನು ಕೆಲಸಕ್ಕೆ ಸೇರಿದ ದಿನ ಮೇಲ್ಮನವಿ ಕೋರ್ಟಿನ ಬೀಗದ ಕೈ ಕೊಟ್ಟರು. ಒಳಗೆ ನ್ಯಾಯಾಧೀಶರ ಮೂರು ಕುರ್ಚಿಗಳಿಗೂ ಬಿಳಿ ಬಟ್ಟೆ ಹೊದಿಸಿತ್ತು. ಜಡ್ಜ್‌ಗಳು ಎಲ್ಲಿ ಎಂದು ಕೇಳಿದೆ. “ಲಂಡನ್ನಿನಲ್ಲಿ. ವರ್ಷಕ್ಕೆರಡು ಸಲ ವಿಮಾನದಲ್ಲಿ ಬರುತ್ತಾರೆ,” ಎಂದರು ರಿಜಿಸ್ಟ್ರಾರ್.

ಇದು ಈಗಲೂ ಬ್ರಿಟನ್ನಿನ ಅಧೀನದಲ್ಲಿರುವ ಪುಟ್ಟ ದ್ವೀಪ. ಗಂಡನಿಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಸೋಮವಾರಪೇಟೆಯ ಕೋರ್ಟಿನಲ್ಲಿ ಒಂಬತ್ತು ವರ್ಷ ಸ್ಟೆನೋ ಆಗಿದ್ದ ನಾನು ಅವರ ಹಿಂದೆ ಬಂದು ಇಲ್ಲಿ ಕ್ಲರ್ಕ್ ಆದೆ. ನಮ್ಮೂರಲ್ಲೂ ಕೇಸುಗಳು ಎಳೆಯುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಕಕ್ಷಿದಾರ ನಮ್ಮ ಕೊಡಗಿನ ಕಡೆಯ ಆಡುಮಾತಾದ ಅರೆಭಾಷೆಯಲ್ಲಿ ಹೇಳಿದರೂ ನಮ್ಮ ಜಡ್ಜಿಗೆ ಅರ್ಥವಾಗುತ್ತಿತ್ತು. ಇಲ್ಲಿಗೆ ಹಾರಿಬರುವವರಿಗೆ ದ್ವೀಪದವರ ಇಂಗ್ಲಿಷೇ ತಿಳಿಯದು.

ಮೊದಮೊದಲು ನನಗೂ ತಿಳಿಯುತ್ತಿರಲಿಲ್ಲ. ಕಲಿಸಿದವರು ಪಕ್ಕದ ಮನೆಯ ಮಿಸ್ ಐವಿ, ಮೀನು ಮಾರುವ ಅರವತ್ತರ ಹೆಂಗಸು. ಅವರು ಕೊಟ್ಟ ಬ್ರೆಡ್‌ಫ್ರೂಟ್ ನಮ್ಮ ಜೀಗುಜ್ಜೆಯೇ, ದೀವಿಹಲಸೇ ಎಂದು ಗೊತ್ತಾದ ದಿನ ತೆಂಗಿನಕಾಯಿ ಹಾಕಿ ಪಲ್ಯ ಮಾಡಿದೆ. ಇಬ್ಬರೂ ಪಾತ್ರೆ ಖಾಲಿ ಮಾಡಿದೆವು.

ಅವರ ಮನೆಯ ಜಾಗ ಕೆಳಗಿನ ಕೋರ್ಟಿನ ತೀರ್ಪಿನಿಂದ ಹೋಟೆಲಿನವರ ಪಾಲಾಗಿತ್ತು. ಮಿಸ್ ಐವಿ ಮೇಲ್ಮನವಿ ಹಾಕಿದ್ದರು. ಮೂವರು ಜಡ್ಜ್‌ಗಳಲ್ಲಿ ಒಬ್ಬರು ಬರದಿದ್ದರೂ ಕೋರ್ಟು ಕೂರುವುದಿಲ್ಲ. ಎರಡು ಸಲ ಹಾಗೇ ಆಯಿತು. ವಿಚಾರಣೆ ಮುಂದೂಡಿದ ನೋಟೀಸನ್ನು ಎರಡು ಸಲವೂ ಟೈಪ್ ಮಾಡಿದವಳು ನಾನೇ.

ಕಳೆದ ವರ್ಷ ಕೋರ್ಟಿನ ಸುಧಾರಣೆಗೆಂದು ಸಮಿತಿಯೊಂದು ಜನರ ಅಭಿಪ್ರಾಯ ಕೇಳಲು ಬಂತು. ಸಭೆಯ ಹಿಂದಿನ ದಿನ ರಿಜಿಸ್ಟ್ರಾರ್ ನನ್ನನ್ನು ಕರೆದರು. “ನೀವು ಬಿಲಾಂಗರ್ ಅಲ್ಲ. ನಿಮ್ಮ ಕೆಲಸದ ಪರ್ಮಿಟ್ ನವೀಕರಣಕ್ಕೆ ಬಂದಿದೆ. ನೆನಪಿರಲಿ.” ಬಿಲಾಂಗರ್ ಅಂದರೆ ದ್ವೀಪಕ್ಕೆ ಸೇರಿದವರು. ಓಟು ಅವರಿಗೆ ಮಾತ್ರ.

ಕುಶಾಲನಗರದಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ಸಭೆಯಲ್ಲಿ ಮಾತಾಡಬೇಕೆಂದಿದ್ದೇನೆ ಎಂದೆ.

“ಅವ್ರ ಕೋರ್ಟು, ಅವ್ರ ಜಡ್ಜು. ನಿಂಗ್ಯಾಕೆ ಊರ ಉಸಾಬರಿ? ಸುಮ್ನಿರು,” ಅಂದಳು.

“ನೋಟೀಸು ಟೈಪ್ ಮಾಡೋಳು ನಾನು ಕಣಕ್ಕ. ಹೆಂಗೆ ಸುಮ್ನಿರ್ಲಿ?”

“ಪರ್ಮಿಟ್ ಹೋದ್ರೆ?”

“ಹೋದ್ರೆ ಹೋಗ್ಲಿ.”

ಚರ್ಚಿನ ಹಾಲಿನಲ್ಲಿ ಸಭೆ. ಎದ್ದು ನಿಂತೆ. ಕೋರ್ಟಿನ ನೋಟೀಸ್ ಬೋರ್ಡಿನಲ್ಲಿ ಎಲ್ಲರೂ ನೋಡಿದ್ದ, ಮೇಲ್ಮನವಿ ಹಾಕಿ ಕಾಯುತ್ತಿದ್ದವರ ಹೆಸರುಗಳನ್ನೇ ಓದತೊಡಗಿದೆ. “ಇವರಲ್ಲಿ ಇಬ್ಬರು ತೀರ್ಪಿಗೆ ಮೊದಲೇ ತೀರಿಕೊಂಡರು. ಈ ದ್ವೀಪದಲ್ಲಿ ತಲೆ ನರೆತ ವಕೀಲರಿದ್ದಾರೆ. ಅವರಲ್ಲೊಬ್ಬರು ಜಡ್ಜ್ ಆಗಬಾರದೇಕೆ?”

“ನೀವು ಯಾವ ಹಕ್ಕಿನಿಂದ ಮಾತಾಡುತ್ತಿದ್ದೀರಿ?” ಎಂದು ಸಮಿತಿಯ ಅಧ್ಯಕ್ಷರು ತಡೆದರು.

ಹಿಂದಿನ ಸಾಲಿನಿಂದ ಮಿಸ್ ಐವಿ ಎದ್ದರು. “ಅವಳು ನಮ್ಮ ಪಕ್ಕದ ಮನೆಯವಳು. ಓದಲಿ ಬಿಡಿ.”

ಪೂರ್ತಿ ಓದಿದೆ.

ಈ ವರ್ಷ ದ್ವೀಪದ ವಕೀಲೆಯೊಬ್ಬರು ಮೇಲ್ಮನವಿ ಕೋರ್ಟಿಗೆ ನೇಮಕವಾದರು. ಲಂಡನ್ನಿನಿಂದ ಇನ್ನಿಬ್ಬರು ಬಂದಾಗ ಮಿಸ್ ಐವಿಯ ಕೇಸು ಕೊನೆಗೂ ನಡೆಯಿತು. ಮನೆ ಉಳಿಯಿತು, ಹಿತ್ತಲು ಹೋಯಿತು. ನನ್ನ ಪರ್ಮಿಟ್ ಮೂರು ವರ್ಷದ ಬದಲು ಒಂದೇ ವರ್ಷಕ್ಕೆ ಸಿಕ್ಕಿತು. ಆಡಿದ ಮಾತಿಗೆ ನನಗೆ ಪಶ್ಚಾತ್ತಾಪವಿಲ್ಲ.

ಮೊನ್ನೆ ರಜೆಗೆ ಊರಿಗೆ ಹೋಗಿದ್ದೆ. ಅಕ್ಕನ ಮನೆಯಲ್ಲಿ ಊಟದ ನಡುವೆ “ನಮ್ಮ ಕೋರ್ಟಲ್ಲಿ” ಎಂದು ಏನೋ ಹೇಳಹೊರಟೆ.

“ಯಾವ್ದೇ ನಿಮ್ಮ ಕೋರ್ಟು? ಇಲ್ಲೀದಾ, ಅಲ್ಲೀದಾ?” ಎಂದಳು ಅಕ್ಕ.

ಎರಡೂ ನಂದೇ ಅಂದೆ.